ಪಾರ್ಟ್ ಟೈಮ್ ಸಂಬಳ, ಫುಲ್ ಟೈಮ್ ಕಾರು

ಬೆಳಗ್ಗೆ ಕ್ಲಾಸು, ಸಂಜೆಯಿಂದ ಶಿಫ್ಟು, ಶಿಫ್ಟ್ ಮುಗಿಯೋ ಹೊತ್ತಿಗೆ ಕೊನೇ ಬಸ್ಸು ಹೋಗಾಗಿರುತ್ತೆ, ಆಮೇಲೆ ಟ್ಯಾಕ್ಸಿನೇ ಗತಿ. ಒಂದಿನ ಸುಮ್ನೆ ಕೂತು ಲೆಕ್ಕ ಹಾಕಿ ನೋಡಿದ್ರೆ ನಾಲ್ಕು ಗಂಟೆ ಶಿಫ್ಟಲ್ಲಿ ಒಂದು ಗಂಟೆಗಿಂತ ಜಾಸ್ತಿ ದುಡಿಮೆ ಬರೀ ಮನೆಗೆ ವಾಪಸ್ ಬರೋದಕ್ಕೇ ಹೋಗ್ತಿದೆ. ಅಲ್ಲಿಂದ ಶುರುವಾಯ್ತು ಕಾರಿನ ವಿಚಾರ. ಇನ್ನೂ ಓದ್ತಾ ಇರೋರು, ಗಂಟೆ ಲೆಕ್ಕದ ಸಂಬಳ, ಬ್ಯಾಂಕಲ್ಲಿ ಸಾಲದ ಹಿಸ್ಟರಿ ಅಂತ ಏನೂ ಇಲ್ಲ, ಇಂಥೋರು ಕಾರ್ ತಗೋಬೇಕು ಅಂದ್ರೆ ಏನ್ ಮಾಡ್ಬೇಕು ಅಂತ ಹುಡುಕಿದ್ರೆ ನನಗೆ ಸಿಕ್ಕಿದ್ದು ಒಂದೋ "ಕಾರೇ ಬೇಡ, ಉಳಿತಾಯ ಮಾಡಿ" ಅನ್ನೋ ಉಪದೇಶ, ಇಲ್ಲಾ ಲೋನ್ ಮಾರೋರ ಜಾಹೀರಾತು. ಅದಕ್ಕೆ ನಾನು ಹೋದ ದಾರಿ ಹೇಗಿತ್ತು ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ನನ್ನದೊಂದು ಅಭ್ಯಾಸ ಹೇಳ್ಬಿಡ್ತೀನಿ, ಮುಂದೆ ಪದೇ ಪದೇ ಬರುತ್ತೆ. ನಾನು ಯಾವ ಖರ್ಚನ್ನೂ ದುಡ್ಡಿನ ಲೆಕ್ಕದಲ್ಲಿ ನೋಡಲ್ಲ, ಶಿಫ್ಟ್ ಲೆಕ್ಕದಲ್ಲಿ ನೋಡ್ತೀನಿ. ಟ್ಯಾಂಕ್ ಫುಲ್ ಮಾಡ್ಸೋದು ಅಂದ್ರೆ ಒಂದು ಭಾನುವಾರದ ಶಿಫ್ಟು. ನಾಲ್ಕೂ ಟೈರ್ ಚೇಂಜ್ ಅಂದ್ರೆ ಎರಡು ವಾರದ ದುಡಿಮೆ. ಹೀಗೆ ನೋಡೋಕೆ ಶುರು ಮಾಡಿದ್ಮೇಲೆ "ತಿಂಗಳಿಗೆ ಇಷ್ಟೇ ತಾನೇ" ಅನ್ನೋ ಮಾತಿಗೆ ನಾನು ಬಗ್ಗೋದು ನಿಂತುಹೋಯ್ತು, ಯಾಕಂದ್ರೆ ಪರೀಕ್ಷೆ ತಿಂಗಳಲ್ಲಿ ನನಗೆ ಅರ್ಧ ಶಿಫ್ಟೂ ಸಿಗಲ್ಲ, ರಜೆ ಬಂದ್ರೆ ಡಬಲ್ ಸಿಗುತ್ತೆ, ಇಎಂಐ ಮಾತ್ರ ಯಾರ ಪರೀಕ್ಷೆನೂ ನೋಡಲ್ಲ, ಅದರ ತಾರೀಖಿಗೆ ಅದು ಬಂದು ನಿಂತಿರುತ್ತೆ.

ಕಾರಿಗೆ ಮುಂಚೆ ಕ್ರೆಡಿಟ್ ಕಾರ್ಡು. ಸಾಲ ಕೊಡೋರು ಮುಖ್ಯವಾಗಿ ನೋಡೋದು ಹಿಂದೆ ತಗೊಂಡಿದ್ದನ್ನ ಟೈಮಿಗೆ ಸರಿಯಾಗಿ ಕಟ್ಟಿದೀರಾ ಅಂತ. ಹಿಂದೆ ಏನೂ ತಗೊಂಡೇ ಇಲ್ಲ ಅಂದ್ರೆ ಅವರ ಸಿಸ್ಟಂಗೆ ನೀವು ಅಪರಿಚಿತರು, ಅಷ್ಟೇ. ನಮ್ಮಪ್ಪಂಗೆ ಇದನ್ನ ಅರ್ಥ ಮಾಡಿಸೋದೇ ಒಂದು ಕೆಲಸ ಆಯ್ತು, "ಸಾಲಾನೇ ಮಾಡದೇ ಇರೋಳಿಗೆ ಕೊಡಲ್ಲ, ಮಾಡಿರೋಳಿಗೆ ಕೊಡ್ತಾರಾ, ಇದ್ಯಾವ ನ್ಯಾಯಾನಮ್ಮ" ಅಂತ ಕೇಳ್ತಾನೇ ಇದ್ರು. ನ್ಯಾಯ ಅಂತೂ ಅಲ್ಲ, ಆದ್ರೆ ಇರೋದೇ ಹಾಗೆ.

ಮಾಮೂಲಿ ಕಾರ್ಡ್ ಸಿಗಲ್ಲ ಅಂತ ಗೊತ್ತಿತ್ತು, ಹಾಗಾಗಿ ಡೆಪಾಸಿಟ್ ಇಟ್ಟು ತಗೊಳ್ಳೋ ಥರದ ಕಾರ್ಡ್ ತಗೊಂಡೆ. ನಾವು ಬ್ಯಾಂಕಲ್ಲಿ ಒಂದಿಷ್ಟು ದುಡ್ಡು ಇಡೋದು, ಹೆಚ್ಚುಕಮ್ಮಿ ಅಷ್ಟೇ ಲಿಮಿಟ್ ಕೊಡ್ತಾರೆ, ಕಟ್ಟದೇ ಹೋದ್ರೆ ಡೆಪಾಸಿಟ್ಟಿಂದ ಹಿಡ್ಕೋತಾರೆ. ಅವರಿಗೆ ರಿಸ್ಕ್ ಇಲ್ಲ, ನಮಗೆ ಹಿಸ್ಟರಿ ಶುರುವಾಗುತ್ತೆ. ಅದರಲ್ಲಿ ನಾನು ಹಾಕಿದ್ದು ಫೋನ್ ಬಿಲ್ಲು ಮತ್ತೆ ಬಸ್ ಪಾಸು, ಬೇರೆ ಏನೂ ಇಲ್ಲ. ಆಟೋ ಪೇ ಹಾಕಿ ಪೂರ್ತಿ ಬಾಕಿ ಕಟ್ಟೋ ಹಾಗೆ ಸೆಟ್ ಮಾಡಿಟ್ಟೆ. ಸೆಟ್ ಮಾಡೋವಾಗ ಒಂದು ಕಡೆ ಗಮನ ಇರ್ಲಿ, ಅಲ್ಲಿ ಮಿನಿಮಮ್ ಡ್ಯೂ, ಟೋಟಲ್ ಡ್ಯೂ ಅಂತ ಎರಡು ಆಯ್ಕೆ ಇರುತ್ತೆ, ಎಷ್ಟೋ ಕಡೆ ಮೊದಲೇ ಟಿಕ್ ಆಗಿರೋದು ಮಿನಿಮಮ್ಮೇ.

ಈ ಮಿನಿಮಮ್ ಡ್ಯೂ ಅನ್ನೋದು ಏನು ಅಂತ ನಾನು ಸ್ಪ್ರೆಡ್‌ಶೀಟ್ ಹಾಕಿ ನೋಡಿದೆ. ಬಡ್ಡಿ ತಿಂಗಳಿಗೆ 3 ಪರ್ಸೆಂಟ್ ಅಂತಿಟ್ಕೊಳ್ಳಿ, ಮಿನಿಮಮ್ ಅಂದ್ರೆ ಬಾಕಿಯ 5 ಪರ್ಸೆಂಟ್. 100 ಬಾಕಿ ಇದೆ, ಹೊಸದಾಗಿ ಏನೂ ಖರೀದಿ ಮಾಡಲ್ಲ, ಪ್ರತಿ ತಿಂಗಳೂ ತಪ್ಪದೇ ಮಿನಿಮಮ್ ಕಟ್ತಾ ಹೋಗ್ತೀರ. ಒಂದು ವರ್ಷ ಆದ್ಮೇಲೆ ನೀವು ಕಟ್ಟಿರೋದು ಸುಮಾರು 55, ಇನ್ನೂ ಬಾಕಿ ಇರೋದು 77. ಫಾರ್ಮುಲಾ ತಪ್ಪಾಯ್ತೇನೋ ಅಂತ ಎರಡು ಸಲ ಚೆಕ್ ಮಾಡಿದೆ, ಸರಿಯಾಗೇ ಇದೆ. ಮೇಲಿಂದ, ತಿಂಗಳಿಗೆ 3 ಅಂದ್ರೆ ವರ್ಷಕ್ಕೆ 36 ಅಂದ್ಕೊಳ್ತೀವಿ, ಬಡ್ಡಿಗೆ ಬಡ್ಡಿ ಸೇರಿದ್ರೆ 42 ದಾಟುತ್ತೆ. ಇನ್ನೊಂದು, ಸಾಮಾನ್ಯವಾಗಿ ಪೂರ್ತಿ ಕಟ್ಟದೇ ಬಾಕಿ ಉಳಿಸಿಕೊಂಡ್ರೆ ಆ ಬಡ್ಡಿ ಇಲ್ಲದ ದಿನಗಳು ಅಂತ ಇರುತ್ತಲ್ಲ ಅದೂ ಹೋಗುತ್ತೆ, ಹೊಸ ಖರೀದಿಗೆ ಮೊದಲ ದಿನದಿಂದಲೇ ಬಡ್ಡಿ ಓಡೋಕೆ ಶುರು. ಕಾರ್ಡ್ ಹಾಕಿ ಎಟಿಎಂನಿಂದ ಕ್ಯಾಶ್ ತೆಗೆದ್ರೂ ಅದೇ ಕಥೆ, ಜೊತೆಗೆ ಫೀ ಬೇರೆ.

ತಾರೀಖಿನ ವಿಚಾರ ಇದಕ್ಕಿಂತ ಸೂಕ್ಷ್ಮ. ಬಿಲ್ ಆಗೋ ತಾರೀಖು ಬೇರೆ, ಕಟ್ಟೋಕೆ ಕೊನೇ ತಾರೀಖು ಬೇರೆ. ಕೊನೇ ತಾರೀಖಿಗೆ ಪೂರ್ತಿ ಕಟ್ಟಿದ್ರೆ ಬಡ್ಡಿ ಇಲ್ಲ, ಅದು ಎಲ್ರಿಗೂ ಗೊತ್ತು. ಆದ್ರೆ ಕ್ರೆಡಿಟ್ ಸ್ಕೋರ್ ಅಂತ ಇರುತ್ತಲ್ಲ, ನಾವು ಸಾಲ ಎಷ್ಟು ಸರಿಯಾಗಿ ನಿಭಾಯಿಸ್ತೀವಿ ಅನ್ನೋದಕ್ಕೆ ಕೊಡೋ ಅಂಕ, ಅದನ್ನ ಲೆಕ್ಕ ಹಾಕೋರಿಗೆ ಹೋಗೋ ಮಾಹಿತಿ ಸಾಮಾನ್ಯವಾಗಿ ಬಿಲ್ ಆದಾಗ ಎಷ್ಟು ಬಾಕಿ ತೋರಿಸ್ತಿತ್ತು ಅನ್ನೋದು. ನನ್ನಂಥೋರ ಲಿಮಿಟ್ಟೇ ಚಿಕ್ಕದು, ಒಂದು ಲ್ಯಾಪ್‌ಟಾಪ್ ರಿಪೇರಿ ಬಿತ್ತು ಅಂದ್ರೆ ಲಿಮಿಟ್‌ನ 80 ಪರ್ಸೆಂಟ್ ತುಂಬಿಹೋಗುತ್ತೆ, ನಾನು ಆಮೇಲೆ ಒಂದು ದಿನನೂ ತಡ ಮಾಡದೇ ಕಟ್ಟಿದ್ರೂ ರಿಪೋರ್ಟಲ್ಲಿ "ಇವಳು ಲಿಮಿಟ್‌ನ ಕುತ್ತಿಗೆವರೆಗೂ ಬಳಸ್ತಾಳೆ" ಅಂತಲೇ ಕಾಣುತ್ತೆ. 30 ಪರ್ಸೆಂಟ್ ಒಳಗೆ ಇರ್ಲಿ ಅಂತ ಎಲ್ಲರೂ ಹೇಳ್ತಾರೆ. ಅದಕ್ಕೆ ದೊಡ್ಡ ಖರ್ಚು ಬಿದ್ದ ತಿಂಗಳು ನಾನು ಬಿಲ್ ಆಗೋದಕ್ಕೆ ಮುಂಚೆನೇ ಹೋಗಿ ಒಂದಿಷ್ಟು ಕಟ್ಟಿಬಿಡ್ತೀನಿ. ಒಂದು ಪೈಸೆ ಎಕ್ಸ್‌ಟ್ರಾ ಖರ್ಚಿಲ್ಲ, ಬರೀ ತಾರೀಖು ಹಿಂದೆ ಮುಂದೆ. ಹಾಗೇ ನಮ್ಮ ಸ್ಕೋರನ್ನ ನಾವೇ ನೋಡ್ಕೊಂಡ್ರೆ ಕಮ್ಮಿಯಾಗಲ್ಲ, ಧೈರ್ಯವಾಗಿ ನೋಡಿ. ಕಮ್ಮಿಯಾಗೋದು ಹತ್ತು ಕಡೆ ಲೋನಿಗೆ ಅಪ್ಲೈ ಮಾಡ್ತಾ ಹೋದಾಗ.

ಒಂದು ವರ್ಷ ಹೀಗೆ ಕಳೀತು, ಟ್ಯಾಕ್ಸಿ ಖರ್ಚು ನುಂಗಿಕೊಂಡೇ. ಮಧ್ಯ ಒಂದಿಷ್ಟು ಮುಂಗಡ ದುಡ್ಡೂ ಸೇರ್ತು.

ಆಮೇಲೆ ಲೋನು. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಹಳೇ ಕಾರ್ ಮಾರೋ ಒಂದು ಶೋರೂಮಿಗೆ ಅಕ್ಕನ್ನ ಕರ್ಕೊಂಡು ಹೋದೆ. ಕೂತ ಕೂಡಲೇ ಅಲ್ಲಿನ ಫೈನಾನ್ಸ್ ಹುಡುಗ ಕೇಳಿದ್ದು ಯಾವ ಕಾರು ಬೇಕು ಅಂತಲ್ಲ, "ಮೇಡಂ, ತಿಂಗಳಿಗೆ ಎಷ್ಟು ಕಟ್ಟೋಕಾಗುತ್ತೆ ಹೇಳಿ, ಮಿಕ್ಕಿದ್ದು ನನಗೆ ಬಿಡಿ" ಅಂತ. ಎಷ್ಟು ಅಕ್ಕರೆ ನೋಡಿ. ನಾನೊಂದು ಅಂಕಿ ಹೇಳಿದ್ರೆ ಯಾವ ಕಾರನ್ನ ಬೇಕಾದ್ರೂ ಆ ಅಂಕಿಯೊಳಗೆ ಕೂರಿಸ್ಬಹುದು, ವರ್ಷ ಉದ್ದ ಮಾಡಿದ್ರಾಯ್ತು. ನಾನು ಲೆಕ್ಕ ಹಾಕ್ಕೊಂಡೇ ಹೋಗಿದ್ದೆ: ವರ್ಷಕ್ಕೆ 12 ಪರ್ಸೆಂಟ್ ಬಡ್ಡಿಗೆ 100 ಸಾಲ ತಗೊಂಡು 3 ವರ್ಷದಲ್ಲಿ ತೀರಿಸಿದ್ರೆ ಒಟ್ಟು ಕಟ್ಟೋದು 119ವರೆ ಹತ್ರ, ಅದನ್ನೇ 5 ವರ್ಷ ಮಾಡಿದ್ರೆ 133ರ ಮೇಲೆ. ಇಎಂಐ ಮೂರನೇ ಒಂದು ಭಾಗ ಇಳಿಯುತ್ತೆ, ನೋಡೋಕೆ ಚೆನ್ನಾಗಿರುತ್ತೆ, ಬಡ್ಡಿ ಮಾತ್ರ ಮುಕ್ಕಾಲು ಪಾಲು ಏರುತ್ತೆ ಅನ್ನಬಹುದು. ಅದೂ ಅಲ್ದೆ ಹಳೇ ಕಾರಿಗೆ 5 ವರ್ಷ ಲೋನ್ ಅಂದ್ರೆ ಶುರುವಿನ ವರ್ಷಗಳಲ್ಲಿ ಕಾರಿನ ಬೆಲೆಗಿಂತ ಸಾಲನೇ ದೊಡ್ಡದಾಗಿ ಕೂತಿರೋ ಛಾನ್ಸ್ ಇದೆ, ಆಗ ಮಾರಿದ್ರೂ ಸಾಲ ತೀರಲ್ಲ.

ನಾನು "ಮೊದಲು ಕಾರಿನ ಬೆಲೆ ಮಾತಾಡೋಣ, ಲೋನು ಆಮೇಲೆ" ಅಂದೆ. ಮುಖ ಸ್ವಲ್ಪ ಗಂಟಾಯ್ತು, ಆಮೇಲೆ ಬೇರೆ ಕಡೆಯಿಂದ ಬಂದ್ರು, "ನಮ್ದು ಬರೀ 10 ಪರ್ಸೆಂಟ್ ಫ್ಲ್ಯಾಟ್ ಮೇಡಂ, ನಿಮ್ ಬ್ಯಾಂಕಲ್ಲಿ 13 ಹೇಳಿರ್ತಾರೆ" ಅಂತ. ಈ ಫ್ಲ್ಯಾಟ್ ಅನ್ನೋದು ಕೇಳಿದ ತಕ್ಷಣ ಎದ್ದು ಬರಬೇಕು ಅನ್ಸುತ್ತೆ ನನಗೆ. ಫ್ಲ್ಯಾಟ್ ಅಂದ್ರೆ ನೀವು ಅಸಲು ತೀರಿಸ್ತಾ ಬಂದ್ರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಸಾಲದ ಮೇಲೇ, ಕೊನೇವರೆಗೂ. ಬ್ಯಾಂಕಿನ 13 ಉಳಿದಿರೋ ಬಾಕಿ ಮೇಲೆ ಮಾತ್ರ. 3 ವರ್ಷಕ್ಕೆ 10 ಪರ್ಸೆಂಟ್ ಫ್ಲ್ಯಾಟ್ ಅಂದ್ರೆ ಬ್ಯಾಂಕಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ 18 ಪರ್ಸೆಂಟ್ ಆಗುತ್ತೆ. ಫೋನಲ್ಲಿ ಕ್ಯಾಲ್ಕುಲೇಟರ್ ತೆಗೆದು ತೋರಿಸಿದ್ರೆ ಆ ಹುಡುಗ "ಅದೆಲ್ಲ ಥಿಯರಿ ಮೇಡಂ" ಅಂದ. ಅಕ್ಕ ಅಲ್ಲೇ ನಕ್ಕುಬಿಟ್ಟಳು. ಪ್ರೊಸೆಸಿಂಗ್ ಫೀ ಎಷ್ಟು, ಬೇಗ ತೀರಿಸಿದ್ರೆ ದಂಡ ಇದೆಯಾ ಅಂತ ಕೇಳಿದ್ದಕ್ಕೆ ಬಂದ ಉತ್ತರ "ಅದೆಲ್ಲ ಸೈನ್ ಮಾಡೋವಾಗ ಗೊತ್ತಾಗುತ್ತೆ". ಎದ್ದು ಬಂದ್ವಿ.

ಕೊನೆಗೆ ನನ್ನ ಸಂಬಳ ಬೀಳೋ ಬ್ಯಾಂಕಲ್ಲೇ ಲೋನ್ ಮಾಡಿದ್ದು, ಅಕ್ಕನ್ನ ಜೊತೆಗೆ ಸೇರಿಸ್ಕೊಂಡು, ಯಾಕಂದ್ರೆ ಶಿಫ್ಟ್ ಸಂಬಳ ಒಂದನ್ನೇ ನೋಡಿ ಅವರು ಕೊಡೋ ಹಾಗಿರಲಿಲ್ಲ. ಅಕ್ಕ ಸೈನ್ ಹಾಕೋಕೆ ಮುಂಚೆ ನನ್ನ ಕೂರಿಸಿ ಕೇಳಿದ್ಲು, "ನೀನು ಒಂದು ಕಂತು ತಪ್ಪಿಸಿದ್ರೂ ನನ್ನ ರಿಪೋರ್ಟಲ್ಲೂ ಬರುತ್ತೆ, ಗೊತ್ತು ತಾನೇ? ಮುಂದಿನ ವರ್ಷ ನಾನು ಮನೆ ಲೋನಿಗೆ ಹಾಕ್ಬೇಕು ಕಣೇ." ಇದು ಬಹಳ ಜನಕ್ಕೆ ಗೊತ್ತಿರಲ್ಲ, ಬರೀ ಸಾಕ್ಷಿ ಸೈನು ಅಂದ್ಕೊಂಡಿರ್ತಾರೆ. ಜಂಟಿಯಾಗಿ ಸೈನ್ ಹಾಕಿದೋರಿಗೆ ಸಾಲ ಪೂರ್ತಿ ಅವರದ್ದೂ ಹೌದು. ನಾವಿಬ್ರೂ ಮಾಡಿಕೊಂಡ ಒಪ್ಪಂದ ಏನಂದ್ರೆ ಲೋನ್ ಕಟ್ ಆಗೋ ಖಾತೆಯಲ್ಲಿ ಯಾವಾಗಲೂ ಎರಡು ಕಂತಿನಷ್ಟು ದುಡ್ಡು ಮುಂಗಡವಾಗಿ ಇರ್ಬೇಕು, ಅವಳು ಆ ಖಾತೆನ ಬೇಕಾದಾಗ ನೋಡ್ಬಹುದು. ಮೊದಲು ನನಗೆ ಸ್ವಲ್ಪ ಕಿರಿಕಿರಿ ಅನ್ಸಿದ್ದು ನಿಜ, ಪರೀಕ್ಷೆ ತಿಂಗಳು ಬಂದಾಗ ಅದೇ ಎರಡು ಕಂತು ಕಾಪಾಡ್ತು.

ಕಂತಿನ ತಾರೀಖು ಮಾತ್ರ ನಾನು ಹಠ ಮಾಡಿ ಬದಲಾಯಿಸಿದೆ. ಅವರು ಕೊಟ್ಟಿದ್ದು ತಿಂಗಳ ಶುರು, ನನ್ನ ಸಂಬಳ ಬೀಳೋದು ಅದಾದ್ಮೇಲೆ. ಕೇಳಿದ್ರೆ ತುಂಬಾ ಕಡೆ ಬದಲಾಯಿಸಿ ಕೊಡ್ತಾರೆ, ಕೇಳದೇ ಇದ್ರೆ ಯಾರೂ ಹೇಳಲ್ಲ.

ಕಾರು ಸಿಕ್ಕಿದ್ದು ಶೋರೂಮಲ್ಲಲ್ಲ, ಒಬ್ಬರು ಮನೆ ಮುಂದೆ ನಿಲ್ಸಿಕೊಂಡು ಮಾರ್ತಿದ್ರು. ಪರಿಚಯದ ಮೆಕ್ಯಾನಿಕ್ ಒಬ್ಬರನ್ನ ಅರ್ಧ ಶಿಫ್ಟಿನ ದುಡ್ಡು ಕೊಟ್ಟು ಕರ್ಕೊಂಡು ಹೋದೆ, ಇಡೀ ಕಥೆಯಲ್ಲಿ ಅಷ್ಟು ಸಾರ್ಥಕವಾದ ಖರ್ಚು ಬೇರೆ ಇಲ್ಲ. ಮೊದಲು ನೋಡಿದ ಕಾರಿನ ಹತ್ರ ಹೋದ ಕೂಡಲೇ ಅವರು ಏನೂ ಮಾತಾಡದೇ ಬಾನೆಟ್ ಮೇಲೆ ಅಂಗೈ ಇಟ್ಟರು. ಬಿಸಿ ಇತ್ತು. "ನಾವು ಬರ್ತೀವಿ ಅಂತ ಗೊತ್ತಿದ್ದು ಮೊದಲೇ ಸ್ಟಾರ್ಟ್ ಮಾಡಿ ಇಟ್ಟವ್ರೆ, ತಣ್ಣಗಿದ್ದಾಗ ಏನ್ ಸದ್ದು ಮಾಡುತ್ತೋ ಕೇಳಿಸ್ಬಾರ್ದು ಅಂತ" ಅಂದ್ರು. ಆಮೇಲೆ ಒಂದು ಸ್ಕ್ಯಾನರ್ ಚುಚ್ಚಿ ನೋಡಿದ್ರು, ಎರರ್ ಕೋಡ್ ಒಂದೂ ಇಲ್ಲ, ನನಗೆ ಖುಷಿ. ಅವರಿಗೆ ಇನ್ನೂ ಅನುಮಾನ. ಎರರ್‌ಗಳನ್ನ ಅಳಿಸಿದ್ರೆ ಕಾರಿನ ಕಂಪ್ಯೂಟರ್ ತನ್ನೊಳಗಿನ ಸೆಲ್ಫ್ ಟೆಸ್ಟ್‌ಗಳನ್ನೆಲ್ಲ ಮತ್ತೆ ಮೊದಲಿಂದ ಮಾಡಬೇಕಾಗುತ್ತಂತೆ, ಸ್ವಲ್ಪ ದೂರ ಓಡಿಸೋವರೆಗೂ ಅವು ಮುಗಿದಿಲ್ಲ ಅಂತ ತೋರಿಸ್ತಾ ಇರುತ್ತೆ. ಆ ಕಾರಲ್ಲಿ ಬಹುಪಾಲು ಟೆಸ್ಟ್ ಮುಗಿದೇ ಇರಲಿಲ್ಲ, ಅಂದ್ರೆ ಯಾರೋ ಈಗಷ್ಟೇ ಅಳಿಸಿದಾರೆ, ಇಲ್ಲಾ ಬ್ಯಾಟರಿ ಬಿಚ್ಚಿದಾರೆ. ಥ್ಯಾಂಕ್ಸ್ ಹೇಳಿ ವಾಪಸ್ ಬಂದ್ವಿ.

ನಾನು ತಗೊಂಡ ಕಾರಲ್ಲಿ ಚೌಕಾಸಿಗೆ ಸಿಕ್ಕಿದ್ದು ಟೈರು. ಟೈರಿನ ಪಕ್ಕದಲ್ಲಿ ಒಂದು ಚಿಕ್ಕ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 3517 ಅಂದ್ರೆ 2017ನೇ ಇಸವಿಯ 35ನೇ ವಾರ ತಯಾರಾಗಿದ್ದು. ರೋಡಿಗೆ ತಾಗೋ ಕಡೆಯ ಗೆರೆಗಳು ಇನ್ನೂ ಚೆನ್ನಾಗಿವೆ ಅಂತ ಮಾರೋರು ತೋರಿಸ್ತಿದ್ರು, ನಮ್ಮ ಮೆಕ್ಯಾನಿಕ್ ಬಗ್ಗಿ ಆ ಅಂಕಿ ಓದಿದ್ರು, ಟೈರ್ ಪಕ್ಕದಲ್ಲಿ ಕೂದಲೆಳೆ ಬಿರುಕೂ ಇತ್ತು, ನಾಲ್ಕು ಟೈರಿನ ದುಡ್ಡು ಬೆಲೆಯಿಂದ ಇಳೀತು. ಮತ್ತೆ ಕಾರಿನ 17 ಅಕ್ಷರ ಅಂಕಿಯ ನಂಬರು ಪೇಪರಲ್ಲೂ ಬಾಡಿ ಮೇಲೂ ಒಂದೇ ಇದೆಯಾ, ಅದರ ಮೇಲೆ ಹಳೇ ಸಾಲ ಏನಾದ್ರೂ ಬಾಕಿ ಇದೆಯಾ ಅಂತ ನೋಡೋದು ಮೆಕ್ಯಾನಿಕ್ ಕೆಲಸ ಅಲ್ಲ, ನಮ್ಮದು. ಬೇರೆಯವರ ಸಾಲ ಇರೋ ಕಾರು ತಗೊಂಡ್ರೆ ದುಡ್ಡು ಕೊಟ್ಟೂ ಕಾರು ನಮ್ಮದಾಗಲ್ಲ.

ಇನ್ಶೂರೆನ್ಸು ನನಗೆ ಶಾಕ್ ಕೊಟ್ಟಿದ್ದು ಅಂದ್ರೆ ಅದೊಂದೇ. ಸಾಲ ಇರೋವರೆಗೂ ಬರೀ ಥರ್ಡ್ ಪಾರ್ಟಿ, ಅಂದ್ರೆ ಬೇರೆಯವರಿಗಾದ ನಷ್ಟಕ್ಕೆ ಮಾತ್ರ ಕೊಡೋ ಪಾಲಿಸಿ, ಸಾಕಾಗಲ್ಲ, ಪೂರ್ತಿ ಪಾಲಿಸಿ ಮಾಡಿ ಅಂತ ಬ್ಯಾಂಕೇ ಹೇಳ್ತು. ವರ್ಷದ ಕಂತು ನೋಡಿ ತಲೆ ತಿರುಗಿತು. ಕಮ್ಮಿ ಮಾಡೋಕೆ ಇದ್ದ ದಾರಿ, ಕ್ಲೇಮ್ ಆದಾಗ ನಮ್ಮ ಕೈಯಿಂದ ಕೊಡೋ ಪಾಲನ್ನ ಜಾಸ್ತಿ ಒಪ್ಕೊಳ್ಳೋದು. ಒಪ್ಕೊಂಡೆ, ಆದ್ರೆ ಆ ಪಾಲಿನಷ್ಟು ದುಡ್ಡು ಬೇರೆ ಖಾತೆಯಲ್ಲಿ ಮುಟ್ಟದೇ ಇಟ್ಟಿದೀನಿ, ಇಲ್ಲದಿದ್ರೆ ಅದು ಕಮ್ಮಿ ಮಾಡಿದ ಹಾಗಲ್ಲ, ಮುಂದಕ್ಕೆ ಹಾಕಿದ ಹಾಗೆ. ಕಂಬಕ್ಕೆ ಉಜ್ಜಿದ ಗೀರಿಗೆಲ್ಲ ಕ್ಲೇಮ್ ಮಾಡಲ್ಲ, ಕ್ಲೇಮ್ ಇಲ್ಲದ ವರ್ಷಕ್ಕೆ ಸಿಗೋ ರಿಯಾಯಿತಿ ಆ ಪೇಂಟಿಗಿಂತ ದೊಡ್ಡದು.

ಇದರಲ್ಲೇ ಇನ್ನೊಂದು, ಕೆಲಸ ಮಾಡೋ ಸ್ಟೂಡೆಂಟ್‌ಗಳು ದಯವಿಟ್ಟು ಗಮನಿಸಿ. ನನ್ನ ಕ್ಲಾಸ್‌ಮೇಟ್ ಒಬ್ಬ "ಕಾರ್ ಇದೆಯಲ್ಲ, ಡೆಲಿವರಿ ಮಾಡು, ಕಂತು ತಾನೇ ಹುಟ್ಟುತ್ತೆ" ಅಂತ ಸಲಹೆ ಕೊಟ್ಟ. ಪಾಲಿಸಿ ತೆಗೆದು ಓದಿದೆ. ಸ್ವಂತ ಬಳಕೆಗೆ ಅಂತ ಮಾಡಿದ ಪಾಲಿಸಿಯಲ್ಲಿ ಬಾಡಿಗೆಗೆ ಅಥವಾ ಡೆಲಿವರಿಗೆ ಓಡಿಸೋವಾಗ ಆದ ಅಪಘಾತಕ್ಕೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ, ನನ್ನದರಲ್ಲೂ ಹಾಗೇ ಬರೆದಿತ್ತು. ಅದಕ್ಕೆ ಬೇರೆ ಕವರ್ ಬೇಕು, ಅದರ ಖರ್ಚು, ಪೆಟ್ರೋಲು, ಟೈರ್ ಸವೆತ ಎಲ್ಲ ಕಳೆದ್ರೆ ಗಂಟೆಗೆ ಉಳಿಯೋದು ನನ್ನ ಈಗಿನ ಶಿಫ್ಟಿಗಿಂತ ಕಮ್ಮಿ. ಬಿಟ್ಟೆ. ಅವನಿಗೂ ಹೇಳಿದೆ, ಕೇಳಲಿಲ್ಲ, ಅದು ಅವನಿಷ್ಟ.

ಓಡಿಸೋ ಖರ್ಚಿನ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ವರ್ಷಕ್ಕೊಮ್ಮೆ ಬರೋದು ಅಂತ ಗೊತ್ತಿರೋ ಎಲ್ಲವನ್ನೂ, ಇನ್ಶೂರೆನ್ಸು, ಸರ್ವಿಸು, ಟ್ಯಾಕ್ಸು, ಜೊತೆಗೆ ಟೈರು ಬ್ಯಾಟರಿಗೆ ಅಂತ ಒಂದು ಅಂದಾಜು, ಕೂಡಿಸಿ 12ರಿಂದ ಭಾಗಿಸಿ ಅಷ್ಟನ್ನ ಸಂಬಳ ಬಿದ್ದ ದಿನವೇ ಬೇರೆ ಖಾತೆಗೆ ಹಾಕ್ತೀನಿ. ಆ ಅಂಕಿ ನನ್ನ ಇಎಂಐಯ ಅರ್ಧಕ್ಕಿಂತ ಜಾಸ್ತಿ ಬಂತು. ಅದೇ ಹೇಳಿದ್ದು, ಶೋರೂಮ್ ಹುಡುಗ ಕೇಳಿದ "ತಿಂಗಳಿಗೆ ಎಷ್ಟು" ಲೆಕ್ಕದಲ್ಲಿ ಇದು ಎಲ್ಲೂ ಇರಲಿಲ್ಲ, ಪೆಟ್ರೋಲೂ ಇರಲಿಲ್ಲ. ಮೈಲೇಜ್‌ಗೆ ಡ್ಯಾಶ್‌ಬೋರ್ಡ್ ತೋರಿಸೋದನ್ನ ನಾನು ನಂಬಲ್ಲ, ಟ್ಯಾಂಕ್ ಫುಲ್ ಮಾಡ್ಸಿ ಕಿಲೋಮೀಟರ್ ಬರ್ಕೊಂಡು ಮತ್ತೆ ಫುಲ್ ಮಾಡ್ಸಿದಾಗ ಎಷ್ಟು ಲೀಟರ್ ಹಿಡೀತು ಅಂತ ಭಾಗಿಸ್ತೀನಿ. ಮಧ್ಯ ಒಮ್ಮೆ ಸಡನ್ನಾಗಿ ಇಳೀತು, ನೋಡಿದ್ರೆ ಒಂದು ಬ್ರೇಕ್ ಹಿಡ್ಕೊಂಡೇ ಉರುಳ್ತಿತ್ತು, ಆ ಚಕ್ರ ಮಾತ್ರ ಕೈ ಇಡೋಕಾಗದಷ್ಟು ಕಾಯ್ತಿತ್ತು. ಲೆಕ್ಕ ಬರೀದೇ ಇದ್ದಿದ್ರೆ ಡಿಸ್ಕ್ ಹಾಳಾಗೋವರೆಗೂ ಗೊತ್ತಾಗ್ತಿರಲಿಲ್ಲ. ರಿಪೇರಿ ದುಡ್ಡು ಆ ಬೇರೆ ಖಾತೆಯಿಂದಲೇ ಬಂತು, ಕಾರ್ಡಿಗೆ ಹಾಕಿ ಬಿಲ್ ಆಗೋಕೆ ಮುಂಚೆ ಕಟ್ಟಿದೆ.

ಟ್ಯಾಕ್ಸಿ ಖರ್ಚಿಗೆ ಹೋಲಿಸಿದ್ರೆ ಈಗ ಉಳಿತಾಯ ಆಗ್ತಿದೆಯಾ ಅಂತ ಕೇಳಿದ್ರೆ, ಇಲ್ಲ. ಎಲ್ಲ ಸೇರಿಸಿದ್ರೆ ಕಾರೇ ಸ್ವಲ್ಪ ದುಬಾರಿ. ಆದ್ರೆ ಮೊದಲು ತಗೊಳ್ಳೋಕಾಗದೇ ಇದ್ದ ದೂರದ ಶಿಫ್ಟ್‌ಗಳನ್ನ ಈಗ ತಗೋತೀನಿ, ಅವಕ್ಕೆ ಗಂಟೆಗೆ ರೇಟ್ ಜಾಸ್ತಿ, ಅಲ್ಲಿಗೆ ಸರಿಹೋಗುತ್ತೆ. ಆ ಶಿಫ್ಟ್ ಇಲ್ಲದಿದ್ರೆ ನಾನು ಟ್ಯಾಕ್ಸಿಯಲ್ಲೇ ಇರ್ತಿದ್ದೆ.

ಈ ರಜೆಯಲ್ಲಿ ಡಬಲ್ ಶಿಫ್ಟ್ ದುಡ್ಡಲ್ಲಿ ಒಂದಿಷ್ಟು ಅಸಲು ಮುಂಚಿತವಾಗಿ ಕಟ್ಟೋ ಪ್ಲಾನ್ ಇದೆ, ನಮ್ಮ ಲೋನಿಗೆ ದಂಡ ಇಲ್ಲ ಅಂತ ಬರಹದಲ್ಲಿ ತಗೊಂಡಿದೀನಿ. ಕಟ್ಟೋವಾಗ "ಇಎಂಐ ಕಮ್ಮಿ ಮಾಡ್ಬೇಕಾ, ಅವಧಿ ಕಮ್ಮಿ ಮಾಡ್ಬೇಕಾ" ಅಂತ ಕೇಳ್ತಾರೆ, ಬಡ್ಡಿ ಜಾಸ್ತಿ ಉಳಿಯೋದು ಅವಧಿ ಕಮ್ಮಿ ಮಾಡಿದ್ರೆ. ಸಾಲ ತೀರಿದ್ಮೇಲೆ ಬ್ಯಾಂಕಿಂದ ಬಾಕಿ ಇಲ್ಲ ಅನ್ನೋ ಪತ್ರ ತಗೊಂಡು ಗಾಡಿ ದಾಖಲೆಯಿಂದ ಬ್ಯಾಂಕಿನ ಹೆಸರು ತೆಗೆಸೋದೂ ಒಂದು ಓಡಾಟ ಇದೆ, ತಾನಾಗೇ ಹೋಗುತ್ತೆ ಅಂತ ಬಿಟ್ರೆ ಮಾರೋ ದಿನ ಗೊತ್ತಾಗೋದು. ಅಕ್ಕ ಅಂತೂ ಈಗಲೇ ಕೇಳೋಕೆ ಶುರು ಮಾಡಿದಾಳೆ, ನನ್ನ ರಿಪೋರ್ಟಲ್ಲಿ ಅದು ಕ್ಲೋಸ್ ಅಂತ ಯಾವಾಗ ಬರುತ್ತೆ ಅಂತ.